ಮಾಲ್ಪೆಲಿಯ ಮೂತಿಗೆ ತೀರ್ಥ

ಬೊರ್ಗೊಸೆಕ್ಕೊದಲ್ಲಿ ಯಾರಾದರೂ ಕೈಗೆ ಬಂದದ್ದನ್ನು ಕಣ್ಣೆದುರೇ ಕಳೆದುಕೊಂಡರೆ ಅದಕ್ಕೆ ‘ಒರೆಸ್ತೆಯ ಊಟ’ ಎನ್ನುತ್ತಾರೆ. ರೈಲು ತಪ್ಪಿಸಿಕೊಂಡವನದು ಒರೆಸ್ತೆಯ ಊಟ. ಪ್ರೀತಿಸಿದವಳಿಗೆ ಒಂದು ಮಾತು ಹೇಳಲಾರದೆ, ಅವಳ ಮದುವೆಯಲ್ಲಿ ಚಪ್ಪಾಳೆ ತಟ್ಟಿ ಬಂದವನದೂ ಒರೆಸ್ತೆಯ ಊಟವೇ. ಊರಿಗೆ ಹೊಸದಾಗಿ ಬಂದವರು ಕೂಡ ಈ ಮಾತನ್ನು ಬೇಗ ಕಲಿತು ಆಡುತ್ತಿದ್ದರು. ಆ ಒರೆಸ್ತೆ ಇನ್ನೂ ಬದುಕಿದ್ದಾನೆ, ಕಾಫಿ ಅಂಗಡಿಯಲ್ಲಿ ತಮ್ಮ ಪಕ್ಕದಲ್ಲೇ ನಿಂತು ಸಕ್ಕರೆ ಕದಡುತ್ತಿದ್ದಾನೆ ಎಂಬುದು ಅವರಿಗೆ ಗೊತ್ತಿರುತ್ತಿರಲಿಲ್ಲ.

ಒರೆಸ್ತೆ ಬೆಲ್ಟ್ರಾಮಿ ರೈತರ ಸಹಕಾರ ಸಂಘದಲ್ಲಿ ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನು. ಈಗ ಎಪ್ಪತ್ತೊಂದು. ಅವನ ಮನೆಯ ಹಿಂದಿನ ಉದ್ದನೆಯ ಕೊಟ್ಟಿಗೆಯಲ್ಲಿ ಹದಿನಾಲ್ಕು ಹಳೆಯ ‘ಬಿಸಿತಲೆ’ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಒಂದೇ ಸಿಲಿಂಡರಿನ, ಡೀಸೆಲ್ಲಿನಿಂದ ಹಿಡಿದು ಕರಿದುಳಿದ ಎಣ್ಣೆಯವರೆಗೆ ಏನು ಸುರಿದರೂ ಕುಡಿಯುವ ಯಂತ್ರಗಳು. ಮುಂಭಾಗದಲ್ಲಿ ಮಡಕೆಯಂಥ ಕಬ್ಬಿಣದ ತಲೆ. ಬೆಂಕಿ ಉಗುಳುವ ಬ್ಲೋಲ್ಯಾಂಪ್ ಹಿಡಿದು ಅದನ್ನು ಕೆಂಪಗಾಗುವಂತೆ ಕಾಯಿಸಿದರೆ ಮಾತ್ರ ಅವು ಏಳುತ್ತವೆ. ಒರೆಸ್ತೆ ಪ್ರತಿ ಭಾನುವಾರ ಒಂದೊಂದನ್ನು ಎಬ್ಬಿಸಿ, ಅರ್ಧ ತಾಸು ಅದರ ಮುಂದೆ ಕೂತು ಸದ್ದು ಕೇಳುತ್ತಿದ್ದ. ಹೆಂಡತಿ ಇವೊನ್ನೆ ಆ ಅರ್ಧ ತಾಸು ಕಿಟಕಿ ಮುಚ್ಚಿಕೊಂಡು ಒಣಗಿದ ಬಟ್ಟೆ ಒಳಗೆ ತರುತ್ತಿದ್ದಳು.

ಹದಿನಾಲ್ಕರ ಪಕ್ಕದಲ್ಲಿ ಹದಿನೈದನೆಯದಕ್ಕೆ ಜಾಗ ಖಾಲಿ ಇತ್ತು. ಮೂವತ್ತೊಂದು ವರ್ಷದಿಂದ ಖಾಲಿ ಇತ್ತು. ಅಲ್ಲಿ ಸೈಕಲ್ ನಿಲ್ಲಿಸಲು ಕೂಡ ಅವನು ಬಿಡುತ್ತಿರಲಿಲ್ಲ.

ಆ ಜಾಗ ಮಾಲ್ಪೆಲಿಯದು. ಪಕ್ಕದ ಪಟ್ಟಣದಲ್ಲಿ ಇಗರ್ಜಿಯ ಗಂಟೆಗಳನ್ನು ಎರಕ ಹೊಯ್ಯುತ್ತಿದ್ದ ಮಾಲ್ಪೆಲಿ ಅಣ್ಣತಮ್ಮಂದಿರು, ಗಂಟೆಗಳಿಗೆ ಗಿರಾಕಿ ಕಡಿಮೆಯಾದಾಗ, ಅದೇ ಕುಲುಮೆಯಲ್ಲಿ ನಲವತ್ತೊಂದು ಟ್ರ್ಯಾಕ್ಟರು ಮಾಡಿದ್ದರು. ಅದು 1931ರ ಮಾತು. ಯುದ್ಧ ಬಂದು ಹೆಚ್ಚಿನವು ಕರಗಿ ಗುಂಡುಗಳಾದವು. ಉಳಿದವು ಮೂರು. ಒಂದು ನದಿಯಾಚೆಯ ವಕೀಲನೊಬ್ಬನ ತೋಟದಲ್ಲಿ ಹೂಕುಂಡ ಹೊತ್ತು ನಿಂತಿದೆ. ಇನ್ನೊಂದು ಎಲ್ಲಿದೆ ಎಂಬುದರ ಬಗ್ಗೆ ಸಂಗ್ರಹಕಾರರು ವರ್ಷಕ್ಕೊಮ್ಮೆ ಸೇರಿ ಜಗಳವಾಡುತ್ತಾರೆ. ಮೂರನೆಯದು 1979ರಲ್ಲಿ ಬೊರ್ಗೊಸೆಕ್ಕೊದ ಗುಜರಿಗೆ ಬಂದು ಬಿತ್ತು. ಒರೆಸ್ತೆ ಅದನ್ನು ಬೆಳಿಗ್ಗೆ ಹತ್ತಕ್ಕೇ ನೋಡಿದ, ಗುರುತಿಸಿದ, ಬೆವರಿದ. ಗುಜರಿಯವನಿಗೆ ಆಸೆ ಹುಟ್ಟಬಾರದೆಂದು ಮುಖದಲ್ಲಿ ಏನೂ ತೋರಿಸದೆ, “ಊಟ ಮಾಡಿ ಬರ್ತೀನಿ” ಎಂದು ಮನೆಗೆ ಹೋದ. ಅಂದು ಇವೊನ್ನೆ ಸಿಹಿಗುಂಬಳದ ಹೂರಣ ತುಂಬಿದ ತೊರ್ತೆಲ್ಲಿ ಬೇಯಿಸಿದ್ದಳು. ಒರೆಸ್ತೆ ಎರಡನೇ ತಟ್ಟೆ ಹಾಕಿಸಿಕೊಂಡ. ಅವನು ತಿರುಗಿ ಹೋಗುವಷ್ಟರಲ್ಲಿ, ಹಾಲಿನ ಡೇರಿಯ ನುಲ್ಲೊ ಅದನ್ನು ಹಳೇ ಕಬ್ಬಿಣದ ತೂಕಕ್ಕೆ ಕೊಂಡು, ಎರಡು ಎತ್ತು ಕಟ್ಟಿ ಎಳೆದುಕೊಂಡು ಹೋಗಿದ್ದ.

ಆಮೇಲೆ ಒರೆಸ್ತೆ ನುಲ್ಲೊನ ಜೊತೆ ಮಾತಾಡಲಿಲ್ಲ. ತೊರ್ತೆಲ್ಲಿಯನ್ನೂ ತಿನ್ನಲಿಲ್ಲ.

ನುಲ್ಲೊ ಎಂದರೆ ‘ಏನೂ ಅಲ್ಲ’. ದೇವರನ್ನಾಗಲಿ ಅರಸನನ್ನಾಗಲಿ ಒಪ್ಪದ ಅವನ ಅಪ್ಪ, ಯಾವ ಸಂತನಿಗೂ ಇಲ್ಲದ ಹೆಸರೇ ಬೇಕೆಂದು ಹುಡುಕಿ ಇಟ್ಟ ಹೆಸರದು. ನುಲ್ಲೊಗೆ ಜ್ಞಾನಸ್ನಾನವೂ ಆಗಿರಲಿಲ್ಲ. ಆದರೆ ನವೆಂಬರಿನ ಎರಡನೇ ಭಾನುವಾರ, ಸುಗ್ಗಿಗೆ ಕೃತಜ್ಞತೆ ಹೇಳಿ ಇಗರ್ಜಿಯ ಮುಂದೆ ಟ್ರ್ಯಾಕ್ಟರುಗಳಿಗೆ ತೀರ್ಥ ಚಿಮುಕಿಸುವ ದಿನ, ಅವನು ಮಾಲ್ಪೆಲಿಯನ್ನು ತಪ್ಪದೆ ತರುತ್ತಿದ್ದ. ಮತ್ತು ಹದಿನೆಂಟು ವರ್ಷದಿಂದ, ತನ್ನ ಸರದಿ ಬಂದಾಗ, ಅದನ್ನು ಹಿಂದಕ್ಕೆ ಓಡಿಸಿ, ಪಾದ್ರಿಯೇ ಸುತ್ತಿ ಬಂದು ಅದರ ಬೆನ್ನ ಮುಂದೆ ನಿಲ್ಲುವಂತೆ ಮಾಡುತ್ತಿದ್ದ. ತೀರ್ಥ ಅದರ ಹಿಂಭಾಗಕ್ಕೆ ಬೀಳುತ್ತಿತ್ತು. ನುಲ್ಲೊನಂತೆಯೇ ದೇವರನ್ನು ಒಪ್ಪದ ಕಾರ್ಮಿಕರ ಸಂಘದವರು ಚಪ್ಪಾಳೆ ತಟ್ಟುತ್ತಿದ್ದರು. ಪಾದ್ರಿ ದೊನ್ ಎವಾರಿಸ್ತೊ ಮುಂದಿನ ಭಾನುವಾರದ ಪ್ರವಚನದಲ್ಲಿ ಹೆಸರು ಹೇಳದೆ ಅವನನ್ನು ಬೈಯುತ್ತಿದ್ದರು. ನುಲ್ಲೊನ ಹೆಂಡತಿ ದೆಸೊಲೀನಾ, ದಿನಾ ಪೂಜೆಗೆ ಹೋಗುವವಳು, ಮೊದಲ ಬೆಂಚಿನಲ್ಲಿ ಕೂತು ಜಪಸರದ ಮಣಿ ಎಣಿಸುತ್ತಿದ್ದಳು.

2010ರ ಈಸ್ಟರಿಗೆ ನುಲ್ಲೊ ತೀರಿಕೊಂಡ. ಒರೆಸ್ತೆ ಆರು ತಿಂಗಳು ಮರ್ಯಾದೆಗಾಗಿ ಕಾದ. ಅಕ್ಟೋಬರಿನಲ್ಲಿ ಒಳ್ಳೆಯ ಕೋಟು ತೊಟ್ಟು ದೆಸೊಲೀನಾಳ ಬಾಗಿಲು ತಟ್ಟಿದ.

“ಸೂರು ಸೋರಿ ಅದರ ಮೇಲೆ ಮಳೆ ಹನಿ ಬಿದ್ದಿಲ್ಲ ತಾನೆ?” ಅಂದ, ಬಾಗಿಲು ತೆರೆದ ಕೂಡಲೇ.

“ನಾನೂ ಚೆನ್ನಾಗಿದೀನಿ, ಒರೆಸ್ತೆ,” ಅಂದಳು ದೆಸೊಲೀನಾ. “ಒಳಗ್ ಬಾ, ಕೂತ್ಕೊ.”

ಅವನು ಕೂತ. ಅವಳು ಎರಡು ಲೋಟ ಲಾಂಬ್ರುಸ್ಕೊ ವೈನ್ ಸುರಿದಳು. ಅವಳಿಗೆ ಎಪ್ಪತ್ತೆಂಟು.

“ಸ್ವಿಟ್ಜರ್ಲೆಂಡಿನವನೊಬ್ಬ ಬಂದಿದ್ದ,” ಅಂದಳು. “ಬಿಳೀ ಕೈಗವಸು ಹಾಕ್ಕೊಂಡು ಮುಟ್ಟಿ ನೋಡ್ದ. ಮನೇಲಿ ಗಾಜಿನ ಕೋಣೆ ಕಟ್ಸಿ ಅದ್ರಲ್ಲಿ ಇಡ್ತಾನಂತೆ.”

“ಗಾಜಿನ ಕೋಣೇಲಾ? ಚಾಲೂನೇ ಮಾಡಲ್ವಾ?”

“ಚಾಲೂ ಮಾಡಿದ್ರೆ ಗಾಜು ಉಳಿಯುತ್ತೇನಪ್ಪ?”

ಒರೆಸ್ತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ದೆಸೊಲೀನಾ, ನೀವು ಏನು ಕೇಳ್ತೀರೋ ಕೊಡ್ತೀನಿ. ಅವನಿಗೆ ಮಾತ್ರ ಕೊಡ್ಬೇಡಿ.”

“ನುಲ್ಲೊ ಗುಜರಿಯವನಿಗೆ ಏನು ಕೊಟ್ನೋ ಅದನ್ನೇ ಕೊಡು, ಸಾಕು. ಆದ್ರೆ ಒಂದು ಕೆಲಸ ಮಾಡ್ಬೇಕು.” ಅವಳು ಲೋಟ ಕೆಳಗಿಟ್ಟಳು. “ಹದಿನೆಂಟು ವರ್ಷ ಅದರ ಅಂಡಿಗೇ ತೀರ್ಥ ಬಿತ್ತು. ನುಲ್ಲೊಗೆ ಸೇರಿದ್ದರಲ್ಲಿ ಆಶೀರ್ವಾದ ಅಂತ ಬಿದ್ದಿದ್ದು ಅದೊಂದಕ್ಕೇ, ಅದೂ ತಪ್ಪು ಜಾಗಕ್ಕೆ. ಈಗ ಆ ಮನುಷ್ಯ ಮೇಲೆ ಸ್ವರ್ಗದ ಬಾಗಿಲ ಹೊರಗೆ ನಿಂತು ಏನು ಹೇಳ್ತಿದಾನೋ. ಈ ವರ್ಷ ನೀನು ಓಡಿಸ್ಕೊಂಡು ಹೋಗು. ಅದರ ಮೂತಿಗೆ ತೀರ್ಥ ಬೀಳ್ಬೇಕು. ಬಿದ್ರೆ ಅದು ನಿಂದು. ಇಂಜಿನ್ ಆರಿದ್ರೆ, ಇಲ್ಲಾ ಬೆನ್ನು ತೋರ್ಸಿದ್ರೆ, ಸೋಮವಾರ ಸ್ವಿಸ್‌ನವನ ಲಾರಿ ಬರುತ್ತೆ.”

ಇಷ್ಟೇನಾ ಎಂದುಕೊಂಡ ಒರೆಸ್ತೆ. ಹೊರಗೆ ಕೋಟು ತೆಗೆದಿಟ್ಟು ಕೊಟ್ಟಿಗೆಗೆ ನಡೆದ. ಮೂವತ್ತೊಂದು ವರ್ಷದ ಮೇಲೆ ಮಾಲ್ಪೆಲಿಯ ಮೇಲೆ ಕೈ ಇಟ್ಟಾಗ ಅವನಿಗೆ ಟೋಪಿ ತೆಗೆಯಬೇಕೆನಿಸಿತು. ತೆಗೆದ.

ಮಾಲ್ಪೆಲಿಗೆ ಒಂದು ವಿಚಿತ್ರವಿತ್ತು. ಅಣ್ಣತಮ್ಮಂದಿರು ಅದಕ್ಕೆ ಹಿಂದಕ್ಕೆ ಹೋಗುವ ಗೇರನ್ನೇ ಇಟ್ಟಿರಲಿಲ್ಲ. ಹಿಂದೆ ಹೋಗಬೇಕಾದರೆ ಇಂಜಿನ್ನನ್ನೇ ತಿರುಗುಮುರುಗಾಗಿ ತಿರುಗಿಸಬೇಕು. ಕೈಯ ಹತ್ತಿರ, ಎಣ್ಣೆ ಹೆಚ್ಚುಕಡಿಮೆ ಮಾಡುವ ಒಂದು ಹಿತ್ತಾಳೆಯ ಸನ್ನೆಗೋಲು. ಅದನ್ನು ಇಳಿಸುತ್ತ ಹೋದರೆ ಇಂಜಿನ್ ನಿಧಾನವಾಗಿ, ನಿಧಾನವಾಗಿ, ಕೊನೆಗೆ ಪಿಸ್ಟನ್ ಮೇಲೇರಲಾರದೆ ಹಿಂದಕ್ಕೆ ಜಾರುತ್ತದೆ. ಆ ಗಳಿಗೆಯಲ್ಲಿ ಸನ್ನೆ ಎತ್ತಿ ಎಣ್ಣೆ ಕೊಟ್ಟರೆ ಚಕ್ರ ಎದುರು ದಿಕ್ಕಿಗೆ ತಿರುಗತೊಡಗುತ್ತದೆ. ಬೇಗ ಕೊಟ್ಟರೆ ಹಳೆಯ ದಿಕ್ಕಿಗೇ ಓಡುತ್ತದೆ. ತಡವಾದರೆ ಆರಿಹೋಗುತ್ತದೆ. ಆರಿದರೆ ಮತ್ತೆ ಇಪ್ಪತ್ತು ನಿಮಿಷ ಬ್ಲೋಲ್ಯಾಂಪ್.

ಅಂಗಳದಲ್ಲಿ ಅಭ್ಯಾಸ ನಡೆಯಿತು. ಹತ್ತು ಸಲ ದಿಕ್ಕು ಬದಲಿಸಲು ನೋಡಿದ. ಆರು ಸಲ ಆರಿತು. ‘ಇರಲಿ, ಬೆನ್ನು ತೋರಿಸುವವನಿಗೆ ತಾನೆ ಇದು ಬೇಕು, ನಾನು ಮುಂದಕ್ಕೆ ಹೋಗುವವನು’ ಎಂದು ಒರೆಸ್ತೆ ಸಮಾಧಾನ ಮಾಡಿಕೊಂಡ.

ದೆಸೊಲೀನಾ ಮೆಟ್ಟಿಲ ಮೇಲೆ ಕೂತು ಬೀನ್ಸ್ ಬಿಡಿಸುತ್ತ ಕೇಳುತ್ತಿದ್ದಳು. “ಒಂದು ಮಾತು ಹೇಳ್ಲಾ? ಸಂತರ ನಾಮಾವಳಿ ಹೇಳ್ತಾರಲ್ಲ, ಅದಕ್ಕಿಂತ ನಿಧಾನಕ್ಕೆ ಇಳಿಸ್ಬೇಡ. ‘ನಮಗಾಗಿ ಪ್ರಾರ್ಥಿಸಿರಿ’ ಅನ್ನೋ ಅಷ್ಟರಲ್ಲಿ ಎರಡು ಸಲ ಬಡೀಬೇಕು. ಒಂದೇ ಸಲ ಬಡಿದ್ರೆ ಕಷ್ಟ.”

“ದೆಸೊಲೀನಾ, ನಾನು ನಲವತ್ತು ವರ್ಷ ಇಂಜಿನ್ ಬಿಚ್ಚಿದೋನು. ಜಪಸರ ಹಿಡ್ಕೊಂಡು ಇಂಜಿನ್ ಓಡ್ಸೋದು ಯಾವ ಪುಸ್ತಕದಲ್ಲೂ ಇಲ್ಲ.”

“ಪುಸ್ತಕ ಬರೆದೋರು ಅದರ ಮಡ್‌ಗಾರ್ಡ್ ಮೇಲೆ ಕೂತ್ಕೊಂಡು ಪ್ರಾರ್ಥನೆ ಮಾಡಿರ್ಲಿಲ್ಲ,” ಅಂದಳು ದೆಸೊಲೀನಾ, ಬೀನ್ಸಿನಿಂದ ತಲೆ ಎತ್ತದೆ.

ಆ ಭಾನುವಾರ ಮಂಜು ಹೊಲಗಳ ಮೇಲಿನಿಂದ ಏಳದೆ ಮಲಗಿತ್ತು. ಒರೆಸ್ತೆ ಏಳು ಗಂಟೆಗೇ ಬಂದು ತಲೆ ಕಾಯಿಸಿದ. ಸ್ಟೀರಿಂಗ್ ಚಕ್ರವನ್ನು ಕಿತ್ತು, ಅದನ್ನೇ ಹಿಡಿಕೆಯಾಗಿ ಇಂಜಿನ್ನಿನ ಪಕ್ಕದ ದೊಡ್ಡ ಚಕ್ರಕ್ಕೆ ಸಿಕ್ಕಿಸಿ ತಿರುವಿದ. ಮಾಲ್ಪೆಲಿ ಒಮ್ಮೆ ಕೆಮ್ಮಿ ಎದ್ದಿತು. ಗಂಟೆಯ ಕುಲುಮೆಯಲ್ಲಿ ಹುಟ್ಟಿದ್ದಕ್ಕೋ ಏನೋ, ಅದರ ಬಡಿತದ ಕೊನೆಗೆ ಒಂದು ನಾದದ ಎಳೆ ಇರುತ್ತಿತ್ತು: ಧುಡುಂ—ಧುಡುಂ—ಧುಡುಂ. ಚಕ್ರದ ಮೇಲೆ ಸೀಮೆಸುಣ್ಣದಲ್ಲಿ ಬಾಣ ಬರೆದಿದ್ದ. ಸರಿಯಾದ ದಿಕ್ಕಿಗೇ ತಿರುಗುತ್ತಿತ್ತು. ಸ್ಟೀರಿಂಗನ್ನು ಅದರ ಜಾಗದಲ್ಲಿ ಕೂರಿಸಿ ಹೊರಟ.

ಇಗರ್ಜಿಯ ಚೌಕದಲ್ಲಿ ಮೂವತ್ತು ಟ್ರ್ಯಾಕ್ಟರು ಸಾಲುಗಟ್ಟಿದ್ದವು. ಮುಂದೆ ಹೊಸವು, ಗಾಜಿನ ಕೋಣೆಯೂ ರೇಡಿಯೊವೂ ಇರುವಂಥವು. ಹಳೆಯವು ಹಿಂದೆ. ಎಲ್ಲಕ್ಕಿಂತ ಹಳೆಯದು ಕಟ್ಟಕಡೆಗೆ. ಅದರ ಹಿಂದೆ ಇಗರ್ಜಿಯ ಹೆಂಗಸರು ಮೇಜು ಹಾಕಿ ಹಂದಿ ಕೊಬ್ಬಿನಲ್ಲಿ ನ್ಯೊಕ್ಕೊ ಎಂಬ ಹಿಟ್ಟಿನ ಬಿಲ್ಲೆಗಳನ್ನು ಕರಿಯುತ್ತಿದ್ದರು. ಬಾಣಲೆಯ ಮುಂದೆ ಇವೊನ್ನೆ. ಕಾರ್ಮಿಕರ ಸಂಘದವರು ಎದುರಿನ ಗೋಡೆಗೆ ಒರಗಿ ನಿಂತಿದ್ದರು. ಅವರು ಇಗರ್ಜಿಯೊಳಗೆ ಕಾಲಿಡುವುದಿಲ್ಲ, ನ್ಯೊಕ್ಕೊ ಮಾತ್ರ ಬಿಡುವುದಿಲ್ಲ. ಸ್ವಿಸ್ ಗಿರಾಕಿಯೂ ಬಂದಿದ್ದ. ಕೈಗವಸು ಜೇಬಿನಲ್ಲಿತ್ತು.

ನಾಮಾವಳಿ ಮುಗಿಯುವವರೆಗೆ ಇಂಜಿನ್ನುಗಳ ಸದ್ದು ಇಳಿಸಬೇಕು, ಆದರೆ ಆರಿಸಬಾರದು. ಆರಿದ ಇಂಜಿನ್ನಿನ ಮೇಲೆ ತೀರ್ಥ ನಿಲ್ಲುವುದಿಲ್ಲ ಎನ್ನುವುದು ಬೊರ್ಗೊಸೆಕ್ಕೊದ ನಂಬಿಕೆ. ದೊನ್ ಎವಾರಿಸ್ತೊ ಮೆಟ್ಟಿಲ ಮೇಲೆ ಬಂದರು. ಎಂಬತ್ತನಾಲ್ಕು ವರ್ಷ, ಕಿವಿ ಮಂದ, ಬಾಯಲ್ಲಿ ಕಟ್ಟಿಸಿದ ಹಲ್ಲು. ಪ್ರತಿ ಸಂತನ ಹೆಸರನ್ನೂ ಆ ಹಲ್ಲುಗಳು ಸ್ವಲ್ಪ ಹೊತ್ತು ತಡೆದಿಟ್ಟುಕೊಂಡು ಆಮೇಲೆ ಬಿಡುತ್ತಿದ್ದವು.

“ಸಂತ... ಅಂತೋನಿಯೋ.”

“ನಮಗಾಗಿ ಪ್ರಾರ್ಥಿಸಿರಿ,” ಎಂದಿತು ಚೌಕ.

ಧುಡುಂ—ಧುಡುಂ, ಎಂದಿತು ಮಾಲ್ಪೆಲಿ.

“ಸಂತ... ಇಸಿದೋರೊ.”

“ನಮಗಾಗಿ ಪ್ರಾರ್ಥಿಸಿರಿ.”

ದೊನ್ ಎವಾರಿಸ್ತೊ ಒರೆಸ್ತೆಯ ಕಡೆ ನೋಡಿ, ಅಂಗೈ ಕೆಳಮುಖ ಮಾಡಿ ಆಡಿಸಿದರು. ಇಳಿಸು ಎಂದು. ಒರೆಸ್ತೆ ಹಿತ್ತಾಳೆ ಸನ್ನೆಯನ್ನು ಇಳಿಸಿದ. ಇನ್ನೂ ಮೂರು ಸಂತರಾದ ಮೇಲೆ ಮತ್ತೆ ಕೈ ಆಡಿತು. ಮತ್ತೆ ಇಳಿಸಿದ. ಪಾದ್ರಿಯವರ ದನಿ ದಣಿದು ನಿಧಾನವಾದಂತೆ ಊರಿನ ದನಿಯೂ ನಿಧಾನವಾಯಿತು. ಅವನ ಕೈ ಅವನಿಗೆ ಗೊತ್ತಿಲ್ಲದೆ ಅದರ ಜೊತೆ ಇಳಿಯಿತು. ಈಗ ಒಂದು ಪ್ರಾರ್ಥನೆಗೆ ಒಂದೇ ಬಡಿತ. ಎಷ್ಟು ಹೊಂದಿಕೆಯಾಗಿದೆ ಎಂದು ಅವನಿಗೆ ಹೆಮ್ಮೆಯೇ ಆಯಿತು. ‘ಸಂತ ಪ್ರೊಸ್ಪೆರೊ’ ಎನ್ನುವಾಗ ಬಡಿತವೊಂದು ತಪ್ಪಿದಂತಾಗಿ, ಮೈ ಸಣ್ಣಗೆ ಜಗ್ಗಿ, ಮತ್ತೆ ಮೊದಲಿನಂತೆಯೇ ಧುಡುಂ ಎಂದಿತು. ಅದು ತನ್ನ ಎದೆಯೇ ಇರಬೇಕು ಎಂದುಕೊಂಡ ಒರೆಸ್ತೆ.

ಮೆಟ್ಟಿಲ ಕೆಳಗೆ ಹಾಕಿದ್ದ ಮುಂದಿನ ಬೆಂಚಿನಲ್ಲಿ ದೆಸೊಲೀನಾ ಕಣ್ಣು ಮುಚ್ಚಿಕೊಂಡಳು.

ಸಾಲು ಹೊರಟಿತು. ಒಂದೊಂದೇ ಟ್ರ್ಯಾಕ್ಟರು ಪಾದ್ರಿಯ ಮುಂದೆ ಹಾದು, ಮೂತಿ ತೋಯಿಸಿಕೊಂಡು ಬೀದಿಗೆ ಇಳಿಯಿತು. ಕೊನೆಗೆ ಒರೆಸ್ತೆಯ ಸರದಿ. ಬೆನ್ನು ನೆಟ್ಟಗೆ ಮಾಡಿ, ಮೊದಲನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟ.

ಮಾಲ್ಪೆಲಿ ಘನತೆಯಿಂದ ಹಿಂದಕ್ಕೆ ಹೊರಟಿತು.

ಹೆಂಗಸರು ಎರಡು ಪಾಲಾಗಿ ಸರಿದರು. ಒರೆಸ್ತೆ ಕ್ಲಚ್ಚನ್ನೂ ಬ್ರೇಕನ್ನೂ ಒಟ್ಟಿಗೆ ತುಳಿಯುವಷ್ಟರಲ್ಲಿ ಮೇಜಿನ ಕಾಲು ಕಿರುಗುಟ್ಟಿತು. ಬಾಣಲೆಗೆ ಒಂದು ಗೇಣು ಬಾಕಿ ಇರುವಾಗ ಯಂತ್ರ ನಿಂತಿತು. ಇವೊನ್ನೆ ಜಾಗ ಬಿಟ್ಟು ಕದಲಿರಲಿಲ್ಲ. ಜಾಲರಿ ಸೌಟಿನಿಂದ ಒಂದು ನ್ಯೊಕ್ಕೊ ತಿರುವಿ ಹಾಕಿದಳು.

“ಒರೆಸ್ತೆ,” ಅಂದಳು, “ಊಟಕ್ಕೆ ಇನ್ನೂ ಹೊತ್ತಿದೆ.”

ಚೌಕವೆಲ್ಲ ನಕ್ಕಿತು. ಗಂಟೆ ಹೊಡೆಯುವವನು ಗೋಪುರದ ಕಿಟಕಿಯಿಂದ ನಕ್ಕದ್ದೂ ಕೇಳಿಸಿತು. ಕಾರ್ಮಿಕರ ಸಂಘದವರು ಗೋಡೆ ಬಿಟ್ಟು ಮುಂದೆ ಬಂದು ಚಪ್ಪಾಳೆ ತಟ್ಟಿದರು. “ನುಲ್ಲೊ ಸತ್ತಿಲ್ಲ ಕಣ್ರೋ,” ಅಂದ ಸಂಘದ ಅಧ್ಯಕ್ಷ ಲೆಯಾರ್ಕೊ, ಕಣ್ಣೊರೆಸಿಕೊಳ್ಳುತ್ತ. ಸ್ವಿಸ್ ಗಿರಾಕಿ ಜೇಬಿನಿಂದ ಒಂದು ಕೈಗವಸು ತೆಗೆದು ಹಾಕಿಕೊಂಡ.

ದೊನ್ ಎವಾರಿಸ್ತೊ ನಿಟ್ಟುಸಿರು ಬಿಟ್ಟರು. ಹದಿನೆಂಟು ವರ್ಷದ ರೂಢಿ. ತೀರ್ಥದ ಪಾತ್ರೆ ಎತ್ತಿಕೊಂಡು, ಮಾಲ್ಪೆಲಿಯನ್ನು ಸುತ್ತುಹಾಕಿ, ಅದರ ಬೆನ್ನ ಕಡೆಗೆ ನಡೆಯತೊಡಗಿದರು.

“ದೊನ್, ಸ್ವಲ್ಪ ತಾಳಿ,” ಅಂದ ಒರೆಸ್ತೆ.

“ಏನು?”

“ಅಲ್ಲಿಗಲ್ಲ, ಇಲ್ಲಿಗೆ. ಮುಂದುಗಡೆಗೆ.”

“ನಿನ್ ಮೇಲೇನೂ ಕೋಪ ಇಲ್ಲಪ್ಪ. ನಂಗೆ ಅಭ್ಯಾಸ ಆಗ್ಬಿಟ್ಟಿದೆ.”

“ನಂಗಿಲ್ಲ, ದೊನ್.”

ಒರೆಸ್ತೆ ಸನ್ನೆಯ ಮೇಲೆ ಕೈ ಇಟ್ಟ. ಸಂತ ಪ್ರೊಸ್ಪೆರೊನ ಹೊತ್ತಿಗೆ ತಪ್ಪಿದ್ದು ತನ್ನ ಎದೆಯಲ್ಲ, ಇಂಜಿನ್ನು, ಅದು ಆಗಲೇ ತಾನಾಗಿ ದಿಕ್ಕು ಬದಲಿಸಿತ್ತು ಎಂದು ಈಗ ಹೊಳೆಯಿತು. ಹತ್ತರಲ್ಲಿ ಆರು ಸಲ ಆರಿದ್ದು ಅವನಿಗೆ ನೆನಪಾಯಿತು. ಆ ನಾಲ್ಕು ಸಲ ಹೇಗೆ ತಿರುಗಿತು ಎಂಬುದು ನೆನಪಾಗಲಿಲ್ಲ. ತಲೆ ಎತ್ತಿದರೆ ದೆಸೊಲೀನಾ ಚೌಕ ದಾಟಿ ಬರುತ್ತಿದ್ದಳು. ಒಂದು ಕೈಯಲ್ಲಿ ಜಪಸರ, ಇನ್ನೊಂದು ಕೈಯನ್ನು ಇವೊನ್ನೆಗೆ ಕೊಟ್ಟು, ಮಡ್‌ಗಾರ್ಡ್ ಹತ್ತಿ ಕೂತಳು. ಹಿಂದೆ ಹನ್ನೆರಡು ವರ್ಷ ಕೂತ ಜಾಗ.

“ಈಗಾದ್ರೂ ಕೇಳ್ತೀಯಾ?” ಅಂದಳು.

“ಕೇಳ್ತೀನಿ.”

“ಪುಸ್ತಕದಲ್ಲಿಲ್ಲ ಮತ್ತೆ.”

“ಕೇಳ್ತೀನಿ ಅಂದ್ನಲ್ಲ.”

ದೆಸೊಲೀನಾ ತೆಳ್ಳಗಿನ, ನೇರವಾದ ದನಿಯಲ್ಲಿ ನಾಮಾವಳಿ ಎತ್ತಿಕೊಂಡಳು. ಊರು ನಗು ನಿಲ್ಲಿಸಿ, ಅಭ್ಯಾಸಬಲದಿಂದ ಉತ್ತರಿಸಿತು. ಸಂತ ಇಸಿದೋರೊ, ನಮಗಾಗಿ ಪ್ರಾರ್ಥಿಸಿರಿ. ಸಂತ ಮಾರ್ತಾ, ನಮಗಾಗಿ ಪ್ರಾರ್ಥಿಸಿರಿ. ಒಂದೊಂದು ಹೆಸರಿಗೂ ಅವಳು ದನಿಯನ್ನು ಕೂದಲೆಳೆಯಷ್ಟು ನಿಧಾನ ಮಾಡಿದಳು. ಒಂದೊಂದು ಉತ್ತರಕ್ಕೂ ಅವನು ಸನ್ನೆಯನ್ನು ಕೂದಲೆಳೆಯಷ್ಟು ಇಳಿಸಿದ. ಗೋಡೆಯ ಬಳಿ ಲೆಯಾರ್ಕೊನ ತುಟಿ ಅಲುಗುತ್ತಿದ್ದುದನ್ನು ಅವನ ಪಕ್ಕದವರು ಕಂಡರೂ ಕಾಣದಂತಿದ್ದರು. ಅವರ ತುಟಿಗಳೂ ಅಲುಗುತ್ತಿದ್ದವು.

ಧುಡುಂ. ಧುಡುಂ. ಧು...ಡುಂ.

“ಒಂದು ಕುಂಟು,” ಅಂದಳು ದೆಸೊಲೀನಾ ಪಿಸುಮಾತಿನಲ್ಲಿ, ಮಣಿಯೊಂದನ್ನು ದಾಟಿಸಿ.

ಧು...ಡುಂ.

“ಎರಡು. ಕೈ ಆಡಿಸ್ಬೇಡ.”

ಧು...

ಸದ್ದು ಅಲ್ಲಿಗೇ ನಿಂತಿತು. ಬಾಣಲೆಯ ಚುರುಗುಟ್ಟುವಿಕೆ ಕೇಳಿಸಿತು. ಪಾದ್ರಿಯವರ ಕೈಯಲ್ಲಿದ್ದ ತೀರ್ಥದ ಕುಂಚದಿಂದ ಒಂದು ಹನಿ ಕಲ್ಲಿನ ಮೇಲೆ ಬಿದ್ದದ್ದು ಕೂಡ ಕೇಳಿಸಿತು. ಒರೆಸ್ತೆಯ ಬೆರಳುಗಳು ಎತ್ತು, ಎತ್ತು ಎನ್ನುತ್ತಿದ್ದವು. ಅವನು ಬೆರಳುಗಳ ಮಾತು ಕೇಳಲಿಲ್ಲ.

“ಈಗ,” ಅಂದಳು ದೆಸೊಲೀನಾ.

ಎತ್ತಿದ. ಮಾಲ್ಪೆಲಿಯ ಹೊಟ್ಟೆಯೊಳಗೆ ಯಾರೋ ಮಗ್ಗುಲು ಬದಲಿಸಿದಂತಾಯಿತು. ಚಿಮಣಿಯಿಂದ ಹೊಗೆಯ ಒಂದು ದುಂಡನೆಯ ಉಂಗುರ ಮೇಲೆದ್ದಿತು. ಆಮೇಲೆ, ಧುಡುಂ—ಧುಡುಂ—ಧುಡುಂ.

ಯಾವ ದಿಕ್ಕಿಗೆ ಎಂಬುದು ಸದ್ದಿನಿಂದ ತಿಳಿಯುವಂತಿರಲಿಲ್ಲ. ಒರೆಸ್ತೆ ಬಾಣದ ಕಡೆ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಇವೊನ್ನೆ ಮಾತ್ರ ಈ ಸಲ ಬಾಣಲೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಅವನು ಕ್ಲಚ್ ಬಿಟ್ಟ.

ಮುಂದಕ್ಕೆ ಹೋಯಿತು. ಎಷ್ಟು ಮುಂದಕ್ಕೆ ಎಂದರೆ, ದೊನ್ ಎವಾರಿಸ್ತೊ ಓಡಿಹೋಗಿ ತಮ್ಮ ಜಾಗ ಹಿಡಿಯಬೇಕಾಯಿತು. ಅವರು ಓಡಿದ್ದನ್ನು ಊರು ನೋಡಿದ್ದು ಅದೇ ಮೊದಲು. ಕುಂಚ ಬೀಸಿದರು. ತೀರ್ಥ ನೇರ ಮೂತಿಗೆ ಬಿತ್ತು. ಕಾದ ಕಬ್ಬಿಣದ ಮೇಲೆ ಚುಂಯ್ ಎಂದು ಹಬೆಯಾಗಿ, ಮಂಜಿನೊಳಗೆ ಮೇಲಕ್ಕೆ ಹೋಯಿತು. ದೆಸೊಲೀನಾ ಅದು ಕಾಣದಾಗುವವರೆಗೂ ಕತ್ತೆತ್ತಿ ನೋಡಿದಳು.

“ತಲುಪಿತು,” ಅಂದಳು.

ಸ್ವಿಸ್ ಗಿರಾಕಿ ಕೈಗವಸು ತೆಗೆದ. ಆ ಬರಿಗೈಗೆ ಇವೊನ್ನೆ ಬಿಸಿ ನ್ಯೊಕ್ಕೊದ ಪೊಟ್ಟಣ ಕೊಟ್ಟು ಕಳಿಸಿದಳು.

ಬೀದಿಯ ತಿರುವಿನಲ್ಲಿ ಲೆಯಾರ್ಕೊ ಬಂದು ಮಾಲ್ಪೆಲಿಯ ಮೈ ತಟ್ಟಿದ. “ಒಂದು ಕೇಳ್ತೀನಿ, ನಿಜ ಹೇಳು. ಮೊದಲು ಹಿಂದಕ್ಕೆ ಹೋದ್ಯಲ್ಲ, ಅದು ನುಲ್ಲೊ ನೆನಪಿಗೆ ಬೇಕಂತಲೇ ಮಾಡಿದ್ದು ತಾನೆ?”

ಒರೆಸ್ತೆ ಬಾಯಿ ತೆರೆದ. ಲೆಯಾರ್ಕೊನ ಹಿಂದೆ ಸಂಘದ ಹನ್ನೆರಡು ಜನ, ಕೊಬ್ಬು ಹತ್ತಿದ ಬೆರಳುಗಳನ್ನು ಒರೆಸಿಕೊಳ್ಳದೆ ಕಾಯುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಯಾರೂ ಅವನ ಊಟದ ಬಗ್ಗೆ ಯೋಚಿಸುತ್ತಿರಲಿಲ್ಲ.

“ಮತ್ತಿನ್ನೇನು,” ಅಂದ.

ಹನ್ನೆರಡೂ ಜನ ಅವನ ಕೈ ಕುಲುಕಿದರು.

ಮಧ್ಯಾಹ್ನ ದೆಸೊಲೀನಾಳ ಅಂಗಳದಲ್ಲಿ ಟ್ರ್ಯಾಕ್ಟರು ನಿಲ್ಲಿಸಿದ ಮೇಲೆ ಅವಳು ಅವನ ಮುಖವನ್ನೇ ನೋಡುತ್ತ ನಿಂತಳು.

“ಏನು?” ಅಂದ ಒರೆಸ್ತೆ.

“ನುಲ್ಲೊನೂ ಹೀಗೇ ಹೇಳ್ದ. ಮೊದಲ್ನೇ ಸಲ, ಇದೇ ಲೆಯಾರ್ಕೊಗೆ, ಇದೇ ತಿರುವಿನಲ್ಲಿ.”

“ಏನಂತ?”

“ಮತ್ತಿನ್ನೇನು, ಅಂತ.” ಅವಳು ತಲೆಯ ವಸ್ತ್ರ ಬಿಚ್ಚಿ ಮಡಿಸಿದಳು. “ಮೊದಲ ಹನ್ನೆರಡು ವರ್ಷ ಸರಿಯಾಗಿ ಮುಂದಕ್ಕೇ ಹೋಗ್ತಿತ್ತು. ಆಮೇಲೆ ದೊನ್ ಎವಾರಿಸ್ತೊ ಹಲ್ಲು ಕಟ್ಟಿಸ್ಕೊಂಡ್ರು. ನಾಮಾವಳಿ ನಿಧಾನ ಆಯ್ತು. ಗಾಡಿ ತಾನಾಗೇ ತಿರುಗಿಬಿಡ್ತು. ಇವರೆಲ್ಲ ಭುಜದ ಮೇಲೆ ಹೊತ್ಕೊಂಡು ಸಂಘಕ್ಕೆ ಕರ್ಕೊಂಡು ಹೋದ್ರು, ಗೋಡೆ ಮೇಲೆ ಫೋಟೊ ಹಾಕಿದ್ರು. ಇನ್ನು ಹೇಗೆ ಬಾಯಿ ಬಿಡ್ತಾನೆ? ಪ್ರತಿ ವರ್ಷ ಈ ಸಲ ಮುಂದಕ್ಕೆ ಹೋಗ್ಲಪ್ಪ ಅಂತಾನೇ ಹೊರಡೋನು. ಸಾಯೋ ಹಿಂದಿನ ದಿನ ನಂಗೆ ಹೇಳ್ದ.”

“ನೀವು ಮಡ್‌ಗಾರ್ಡ್ ಮೇಲೆ ಕೂತು ಎಣಿಸ್ತಿದ್ರಲ್ಲ. ಅವನಿಗೆ ಹೇಳ್ಬಾರ್ದಿತ್ತಾ?”

“ಹೇಳ್ದೆ. ಯಾವ ಪುಸ್ತಕದಲ್ಲೂ ಇಲ್ಲ ಅಂದ. ಆ ಹಲ್ಲಿನ ವರ್ಷದಿಂದ ಇಳಿದು ಬೆಂಚಲ್ಲಿ ಕೂತೆ.”

ಒರೆಸ್ತೆ ನೆಲ ನೋಡಿದ. ಮೂವತ್ತೊಂದು ವರ್ಷ ಮಾತು ಬಿಟ್ಟ ಮನುಷ್ಯನ ಜೊತೆ ಈಗ ಒಂದು ತಾಸು ಕೂತು ಮಾತಾಡುವಷ್ಟು ಮಾತು ಅವನಲ್ಲಿ ಸೇರಿಕೊಂಡಿತ್ತು.

“ಲೆಯಾರ್ಕೊಗೆ ಹೇಳ್ತೀಯಾ?” ಅಂದಳು.

“ನಾನ್ಯಾಕೆ ಹೇಳ್ಲಿ? ನಂದೂ ಸೇರಿದೆ ಅದ್ರಲ್ಲಿ.”

ದೆಸೊಲೀನಾ ಒಳಗೆ ಹೋಗಿ ತಟ್ಟೆ ತಂದಳು. ಸಿಹಿಗುಂಬಳದ ತೊರ್ತೆಲ್ಲಿ, ಮೇಲೆ ಕರಗಿದ ಬೆಣ್ಣೆ. “ಒಳಗೆ ಬಾ, ಮೇಜಿನ ಹತ್ರ ಕೂತು ತಿನ್ನು. ಅದೇನು ಇನ್ನು ಎಲ್ಲೂ ಹೋಗಲ್ಲ.”

ಒರೆಸ್ತೆ ತಟ್ಟೆ ನೋಡಿದ. ಬಾಗಿಲು ನೋಡಿದ. ಅಂಗಳದ ಗೇಟು ತೆರೆದೇ ಇತ್ತು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಾಲ್ಪೆಲಿಯ ಸೀಟು ಹತ್ತಿ ಕೂತ. ಮೂವತ್ತೊಂದು ವರ್ಷದ ಮೇಲೆ ಮೊದಲ ತುತ್ತು ಬಾಯಿಗಿಟ್ಟ. ಕಬ್ಬಿಣ ಇನ್ನೂ ಬೆಚ್ಚಗಿತ್ತು. ತಟ್ಟೆ ಖಾಲಿಯಾದಾಗ, ಸೀಟು ಬಿಟ್ಟು ಇಳಿಯದೆ, ಬಾಗಿ ಅದನ್ನು ಕೆಳಗೆ ಚಾಚಿದ.

“ಇನ್ನೊಂಚೂರು ಹಾಕಿ,” ಅಂದ.